ಅರ್ಜಿದಾರರು ಬದುಕಿದ್ದೇವೆ

ಮಾನ್ಯ ಪೌರಾಯುಕ್ತರೇ,

ಮೂವತ್ತೇಳು ಅರ್ಜಿಗಳನ್ನು ನೀವು ಒಂದೇ ದಿನ, ಒಂದೇ ವಾಕ್ಯದಲ್ಲಿ ಮುಚ್ಚಿಹಾಕಿದ್ದೀರಿ. ಅದಕ್ಕೆ ಕೊಟ್ಟ ಕಾರಣ ಸುಳ್ಳು. 'ಅರ್ಜಿದಾರರು ಮೃತಪಟ್ಟಿರುವುದರಿಂದ ಕಡತವನ್ನು ಮುಕ್ತಾಯಗೊಳಿಸಲಾಗಿದೆ' ಎಂದು ಮೂವತ್ತೇಳು ಹಿಂಬರಹಗಳಲ್ಲೂ ಬರೆದಿದೆ, ಕೆಳಗೆ ನಿಮ್ಮ ಸಹಿ ಇದೆ. ಮೃತಪಟ್ಟಿರುವುದು ನನ್ನ ಅಮ್ಮ, ನಮ್ಮ ವಾರ್ಡಿನಿಂದ ಮೂರು ಸಲ ಆರಿಸಿ ಬಂದ ನಗರಸಭಾ ಸದಸ್ಯೆ. ಅರ್ಜಿದಾರರು ಮೃತಪಟ್ಟಿಲ್ಲ. ಅವರು ದಿನಾ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದಾರೆ, ಹೋಗುವ ದಾರಿಯಲ್ಲಿ ಬೀಳುತ್ತಿದ್ದಾರೆ, ಎದ್ದು ಮತ್ತೆ ಹೋಗುತ್ತಿದ್ದಾರೆ.

ಅರ್ಜಿದಾರರು ತೀರಿಕೊಂಡಿದ್ದಾರೆ ಎಂದು ತಿಳಿಸುವ ಆ ಮೂವತ್ತೇಳು ಲಕೋಟೆಗಳನ್ನು ನಿಮ್ಮ ಕಚೇರಿ ಕಳಿಸಿದ್ದು ಅರ್ಜಿದಾರರ ಹೆಸರಿಗೇ. ಅಮ್ಮ ಸತ್ತ ಸುದ್ದಿಯನ್ನು ಅಮ್ಮನಿಗೇ ರಿಜಿಸ್ಟರ್ಡ್ ಅಂಚೆಯಲ್ಲಿ ಮೂವತ್ತೇಳು ಬಾರಿ ತಿಳಿಸಿದ್ದೀರಿ. ಇಷ್ಟು ಚುರುಕಾಗಿ ನಿಮ್ಮ ಕಚೇರಿ ಆಕೆಗೆ ಉತ್ತರ ಕೊಟ್ಟದ್ದು ಇದೇ ಮೊದಲು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ರಜೆಯ ದಿನ ಮನೆಯಲ್ಲಿದ್ದವರು ಬಾಗಿಲಲ್ಲಿ ನಿಂತು ಒಂದೊಂದಕ್ಕೂ ಸಹಿ ಹಾಕಿ ತೆಗೆದುಕೊಂಡರು. ಕೊನೆಯ ಲಕೋಟೆ ಕೊಡುವಾಗ ಅಂಚೆಯವರು ತಲೆ ಎತ್ತದೆ, "ಇನ್ನಿಲ್ಲ ಅಣ್ಣಾ, ಮುಗೀತು" ಅಂದರು. ನಿಮ್ಮ ಕಚೇರಿಯಿಂದ ನಮ್ಮ ಮನೆಗೆ ಬಂದ ಸಾಂತ್ವನವೆಂದರೆ ಅಂಚೆಯವರ ಆ ಒಂದು ಮಾತು. ಅದೂ ನಿಮ್ಮದಲ್ಲ.

ಈಗ ನೀವು ಕೇಳಬಹುದು: ಅರ್ಜಿದಾರರ ಜಾಗದಲ್ಲಿ ಸದಸ್ಯೆಯ ಹೆಸರೇ ಇದ್ದಮೇಲೆ ಕಚೇರಿ ಏನು ಮಾಡಬೇಕಿತ್ತು? ನ್ಯಾಯವಾದ ಪ್ರಶ್ನೆ. ಉತ್ತರ ಕೊಡುತ್ತೇನೆ, ಆದರೆ ಅದಕ್ಕೆ ನೀವು ನಮ್ಮ ಮನೆಯ ಹಿತ್ತಲಿಗೆ ಬರಬೇಕು. ಅಲ್ಲಿ ಬಟ್ಟೆ ಒಣಹಾಕುವ ಹಗ್ಗ ಇದೆ. ಅರ್ಧ ಹಗ್ಗಕ್ಕೆ ನಮ್ಮ ಟವೆಲ್ಲು, ಅಪ್ಪನ ಖಾಕಿ ಅಂಗಿ. ಇನ್ನರ್ಧ ಹಗ್ಗಕ್ಕೆ ವಾರ್ಡಿನ ದೂರುಗಳು. ಯಾರೇ ಬಂದು ಏನೇ ಹೇಳಿದರೂ ಅಮ್ಮ ಒಂದು ಚೀಟಿಯಲ್ಲಿ ಬರೆದು, ಬಂದವರ ಕೈಗೇ ಕ್ಲಿಪ್ಪು ಕೊಟ್ಟು, "ನೀವೇ ಸಿಕ್ಕಿಸಿ" ಅನ್ನುತ್ತಿದ್ದಳು. ಲೆಕ್ಕದ ಪುಸ್ತಕದ ಹಾಳೆ, ಬಸ್ ಟಿಕೆಟ್ಟಿನ ಬೆನ್ನು, ಔಷಧಿ ಡಬ್ಬಿಯ ರಟ್ಟು, ಯಾವುದಾದರೂ ಆಗುತ್ತಿತ್ತು. ನಿಯಮ ಇದ್ದದ್ದು ಒಂದೇ. ಸಿಕ್ಕಿಸಿದವರೇ ಬಂದು ಇಳಿಸಬೇಕು. ನಲ್ಲಿ ರಿಪೇರಿಯಾಯಿತು ಎಂದು ಎಂಜಿನಿಯರ್ ಹೇಳಿದರೆ ಚೀಟಿ ಇಳಿಯುತ್ತಿರಲಿಲ್ಲ. ಅಮ್ಮ ಹೋಗಿ ನೋಡಿ ಬಂದರೂ ಇಳಿಯುತ್ತಿರಲಿಲ್ಲ. "ಆಯ್ತು ಅನ್ನೋದಕ್ಕೆ ನಾನ್ಯಾರು? ನೀರು ಹಿಡಿಯೋರು ಅವರು" ಅನ್ನುತ್ತಿದ್ದಳು. ಎಷ್ಟೋ ಸಲ ಕೆಲಸ ಆಗಿ ತಿಂಗಳಾದರೂ ಜನ ಇಳಿಸಲು ಬರುತ್ತಿರಲಿಲ್ಲ. ಕ್ಲಿಪ್ಪು ಸಾಲದೆ ಅಪ್ಪನ ಅಂಗಿ ಗಾಳಿಗೆ ಹಾರಿ ಪಕ್ಕದ ಮನೆಯ ತಗಡಿನ ಮೇಲೆ ಬೀಳುತ್ತಿತ್ತು. "ನಮ್ಮನೇಲಿ ಜನಸೇವೆ ಅಂದ್ರೆ ಅಂಗಿ ಹುಡುಕೋದು" ಎಂದು ಅಪ್ಪ ಏಣಿ ತರಲು ಹೋಗುತ್ತಿದ್ದರು.

ಆಯುಕ್ತರೇ, ನಿಮಗೂ ಅಮ್ಮನಿಗೂ ಇರುವ ವ್ಯತ್ಯಾಸ ಆ ಹಗ್ಗದಲ್ಲಿದೆ. ದೂರು ಮುಗಿಯಿತು ಎಂದು ಹೇಳುವ ಹಕ್ಕು ಯಾರದು? ನಿಮ್ಮ ಕಚೇರಿಯ ಪ್ರಕಾರ ದೂರನ್ನು ತೆಗೆದುಕೊಂಡವನದು. ಅಮ್ಮನ ಪ್ರಕಾರ ದೂರು ಕೊಟ್ಟವಳದು. ನೀವು ಮೂವತ್ತೇಳು ಕಡತ ಮುಚ್ಚಿದ ದಿನವೂ ನಮ್ಮ ಹಗ್ಗದ ಮೇಲೆ ಆ ಮೂವತ್ತೇಳು ಚೀಟಿಗಳು ಹಾಗೇ ಇದ್ದವು. ಇವತ್ತೂ ಇವೆ.

ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಮೆಟ್ಟಿಲಿನದು. ನೀವು ಆ ಮೆಟ್ಟಿಲನ್ನು ನೋಡಿಲ್ಲ, ನಿಮ್ಮ ಕಾರು ಮೇಲಿನ ರಸ್ತೆಯಲ್ಲೇ ತಿರುಗುತ್ತದೆ. ಕೆಳಗಿನ ಓಣಿಯಿಂದ ಮೇಲಿನ ರಸ್ತೆಗೆ ಅರವತ್ತನಾಲ್ಕು ಮೆಟ್ಟಿಲು. ಒಂದು ಪಕ್ಕ ವಠಾರದ ಗೋಡೆ. ಇನ್ನೊಂದು ಪಕ್ಕ ಬಾಯಿ ತೆರೆದ ಚರಂಡಿ. ಹಿಡಿದುಕೊಳ್ಳಲು ಏನೂ ಇಲ್ಲ. ಬೆಳಗಿನ ಆರು ಗಂಟೆಗೆ ಮೇಲಿನ ರಸ್ತೆಗೆ ಹೊಲಿಗೆ ಕಾರ್ಖಾನೆಯ ಬಸ್ಸು ಬರುತ್ತದೆ. ಒಂದು ನಿಮಿಷ ತಡವಾದರೆ ಅರ್ಧ ದಿನದ ಗೈರುಹಾಜರಿ. ಆದ್ದರಿಂದ ಕೆಳಗಿನ ಓಣಿಯ ಹೆಂಗಸರು ಆ ಮೆಟ್ಟಿಲನ್ನು ಹತ್ತುವುದಿಲ್ಲ, ಓಡುತ್ತಾರೆ. ಇಪ್ಪತ್ತಮೂರನೇ ಮೆಟ್ಟಿಲಿನ ತುದಿ ಒಡೆದಿದೆ. ಅದು ಗೊತ್ತಿದ್ದವರು ಅಲ್ಲಿ ಎರಡು ಮೆಟ್ಟಿಲು ಒಟ್ಟಿಗೆ ಹಾರುತ್ತಾರೆ. ಗೊತ್ತಿದ್ದವರೂ ಬೀಳುತ್ತಾರೆ.

ಇಸ್ತ್ರಿ ಅಕ್ಕ ಬಿದ್ದದ್ದು ಹಾಗೆ. ಅವರು ವಠಾರದ ಮೂಲೆ ಕೋಣೆಯಲ್ಲಿ ಎರಡು ಮಕ್ಕಳ ಜೊತೆ ಇದ್ದಾರೆ, ಮೇಲಿನ ರಸ್ತೆಯ ಮನೆಗಳ ಬಟ್ಟೆಗೆ ಇಸ್ತ್ರಿ ಹಾಕುತ್ತಾರೆ. ಮಡಿಸಿದ ಬಟ್ಟೆಯ ಗಂಟು ತಲೆಯ ಮೇಲೆ. ಬೀಳುವಾಗ ಒಂದು ಕೈಯಲ್ಲಿ ಗಂಟು ಹಿಡಿದರು, ಇನ್ನೊಂದು ಕೈಯನ್ನು ನೆಲಕ್ಕೆ ಊರಿದರು. ಬಟ್ಟೆಗೆ ಕೊಳೆಯಾಗಲಿಲ್ಲ. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಆಮೇಲೆ ಅದು ನೆಟ್ಟಗೆ ಕೂಡಲಿಲ್ಲ. ಐದು ವರ್ಷದಿಂದ ಅವರು ಎಡಗೈಯಲ್ಲಿ ಇಸ್ತ್ರಿ ಹಾಕುತ್ತಿದ್ದಾರೆ. ನಿಮ್ಮ ಅಂಗಿಯ ಕಾಲರಿನ ಎಡಗಡೆ ಗೆರೆ ಸ್ವಲ್ಪ ಡೊಂಕಾಗಿದ್ದರೆ, ಆಯುಕ್ತರೇ, ಅದು ನಿಮ್ಮ ಕಚೇರಿಯದೇ ಕೆಲಸ.

ಅಮ್ಮ ಕೇಳಿದ್ದು ಬಹಳ ದೊಡ್ಡದಲ್ಲ. ಗೋಡೆಯ ಪಕ್ಕಕ್ಕೆ, ಮೇಲಿನಿಂದ ಕೆಳಗಿನವರೆಗೆ, ಕೈ ಹಿಡಿಯಲು ಒಂದು ಕಂಬಿ. ಆದರೆ ಗೋಡೆ ವಠಾರದ ಮಾಲೀಕರದು. ಗೋಡೆಗೆ ಒಂದು ಮೊಳೆ ಹೊಡೆಯಲೂ ಅವರು ಒಪ್ಪಲಿಲ್ಲ. ಲಿಖಿತ ಆಕ್ಷೇಪಣೆಯನ್ನೂ ಕೊಡಲಿಲ್ಲ, ಅದರ ಅಗತ್ಯ ಬೀಳಲಿಲ್ಲ. ನಿಮ್ಮ ಕೋಣೆಯಲ್ಲಿ ಅವರಿಗೆ ಕುರ್ಚಿ ಇತ್ತು, ಅಮ್ಮನಿಗೆ ಹೊರಗೆ ಬೆಂಚಿತ್ತು. ಆ ವಠಾರದಲ್ಲಿ ಬಾಡಿಗೆಗೆ ಇರುವವರು ಅರ್ಜಿಗೆ ಸಹಿ ಹಾಕಿದರೆ ಏನಾಗುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಅಮ್ಮ ಅರ್ಜಿದಾರರ ಜಾಗದಲ್ಲಿ ತನ್ನ ಹೆಸರನ್ನೇ ಬರೆದಳು. ಮೆಟ್ಟಿಲಿನ ಅರ್ಜಿಗೆ ಮಾತ್ರವಲ್ಲ, ಹೆದರಿಕೊಂಡು ಬಂದ ಎಲ್ಲರ ಅರ್ಜಿಗೂ.

ಇದು ಅಮ್ಮ ಮಾಡಿದ ತಪ್ಪು. ನಾನು ಆಗಲೇ ಹೇಳಿದ್ದೆ. ನಾನು ಕಾಲೇಜಿಗೆ ಹೋದವಳಲ್ಲ. ಮುದ್ರಣಾಲಯದಲ್ಲಿ ಕಾಗದ ಮಡಿಸಿ ಕಟ್ಟು ಕಟ್ಟುವ ಕೆಲಸ. ಅಲ್ಲಿ ಅಚ್ಚಾಗುವ ಕರಪತ್ರಗಳನ್ನು ಮಡಿಸುತ್ತಾ ಓದಿ, ಓದುತ್ತಾ ಮಡಿಸಿ ನನಗೆ ತಿಳಿದಷ್ಟು ತಿಳಿದಿದೆ. ಒಂದು ದಿನ ಅಮ್ಮ ಪಾತ್ರೆ ತಿಕ್ಕುತ್ತಿದ್ದಳು. ನಾನು ಅರ್ಜಿಯ ಪ್ರತಿ ಹಿಡಿದುಕೊಂಡು ಹೋಗಿ ನಿಂತೆ.

"ಅಮ್ಮಾ, ಅರ್ಜಿದಾರರು ಅಂತ ನಿನ್ನ ಹೆಸರು ಯಾಕೆ? ಬಿದ್ದಿದ್ದು ನೀನಾ?"

"ನಾನು ಬಿದ್ದಿಲ್ಲ. ಆದ್ರೆ ನನ್ನನ್ನ ಯಾರೂ ಮನೆ ಖಾಲಿ ಮಾಡು ಅನ್ನಲ್ಲ."

"ಹಿಂಗೆ ಮಾಡಿದ್ರೆ ಜನ ಯಾವತ್ತೂ ಎದ್ದು ನಿಲ್ಲಲ್ಲ. ಮುಂದಾಳು ಜನರ ಬದಲಿಗೆ ಮಾತಾಡಬಾರದು. ಜನರನ್ನೇ ಮಾತಾಡಿಸಬೇಕು."

ಅಮ್ಮ ತಿರುಗಿಯೂ ನೋಡಲಿಲ್ಲ. "ಇದು ಯಾವ ಕಾಗದದಲ್ಲಿತ್ತು? ಹಸಿರಾ, ಗುಲಾಬಿಯಾ?"

"ಗುಲಾಬಿ."

"ಮಾತು ಚೆನ್ನಾಗಿದೆ. ಮನೆ ಖಾಲಿ ಮಾಡಿಸಿದ ದಿನ ಅವಳು, ಎರಡು ಮಕ್ಕಳು, ಆ ಇಸ್ತ್ರಿ ಪೆಟ್ಟಿಗೆ, ಎಲ್ಲಾ ನಿನ್ನ ಗುಲಾಬಿ ಕಾಗದದ ಮೇಲೆ ಮಲಗ್ತಾರಾ? ಹೇಳು, ಹಾಸಿ ಕೊಡ್ತೀನಿ."

ನಾನು ಆ ದಿನ ಊಟ ಮಾಡದೆ ಮಲಗಿದೆ. ಆ ವಾದವನ್ನು ಐದು ವರ್ಷಗಳ ನಂತರ ನೀವು ನನ್ನ ಕಡೆಗೆ ತೀರ್ಮಾನಿಸಿದ್ದೀರಿ. ಮುಂದಾಳು ಹೋದರೆ ಅರ್ಜಿಯೂ ಹೋಗುತ್ತದೆ ಎಂದು ಮೂವತ್ತೇಳು ಪ್ರತಿಗಳಲ್ಲಿ ಬರೆದುಕೊಟ್ಟಿದ್ದೀರಿ. ಅಮ್ಮನ ಮೇಲೆ ನಾನು ಗೆದ್ದ ಒಂದೇ ಒಂದು ವಾದ ಇದು. ಇದನ್ನು ಹೇಳಿಕೊಳ್ಳಲು ಮನೆಯಲ್ಲಿ ಅವಳಿಲ್ಲ.

ಹಿಂಬರಹಗಳನ್ನು ಹಿಡಿದುಕೊಂಡು ನಾನು ನಿಮ್ಮ ಕಚೇರಿಗೂ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ. ನೀವು ಯಾವಾಗಲೂ ಸಭೆಯಲ್ಲಿರುತ್ತೀರಿ. ಟಪಾಲು ವಿಭಾಗದ ಗುಮಾಸ್ತರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ನಿಯಮ ಅಮ್ಮಾ. ಅರ್ಜಿದಾರರೇ ಇಲ್ಲ ಅಂದ್ಮೇಲೆ ಉತ್ತರ ಯಾರಿಗೆ ಕೊಡೋದು?"

"ಬಿದ್ದವರು ಇದ್ದಾರಲ್ಲ ಸಾರ್."

"ಬಿದ್ದವರು ಅರ್ಜಿ ಹಾಕಿಲ್ವಲ್ಲ."

"ಅರ್ಜಿ ಹಾಕಿದವರು ಬಿದ್ದಿಲ್ಲ, ಬಿದ್ದವರು ಅರ್ಜಿ ಹಾಕಿಲ್ಲ. ಹಂಗಾದ್ರೆ ಆ ಮೆಟ್ಟಿಲಲ್ಲಿ ಯಾರೂ ಬಿದ್ದೇ ಇಲ್ಲ ಅನ್ನಿ."

ಅವರು ಕಾರಿಡಾರಿನ ಕಡೆ ಗದ್ದದಿಂದ ತೋರಿಸಿ, "ಆ ಬೆಂಚ್ ಮೇಲೆ ಕೂತು ನಿಮ್ಮಮ್ಮ ಬೀನ್ಸ್ ಬಿಡಿಸ್ತಾ ಇದ್ರು. ನಾರು ಒಂದು ಕವರಲ್ಲಿ, ಕಾಯಿ ಒಂದು ಕವರಲ್ಲಿ. ಕೆಳಗೆ ಒಂದು ಚೂರೂ ಬೀಳಿಸ್ತಿರಲಿಲ್ಲ. ನಮ್ಮ ಗುಡಿಸೋರು ಹೇಳೋರು, ಮೆಂಬರ್ ಬಂದ್ರೆ ಬೆಂಚೂ ಚೊಕ್ಕಟವಾಗತ್ತೆ ಅಂತ" ಅಂದರು.

ನಮ್ಮ ಮನೆಯಲ್ಲಿ ಅದು ಒಂದು ಅಳತೆಯೇ ಆಗಿಬಿಟ್ಟಿತ್ತು. "ಇವತ್ತು ಎಷ್ಟು ಕಾದೆ?" ಎಂದು ಅಪ್ಪ ಕೇಳಿದರೆ, "ಒಂದು ಕಿಲೋ ಬೀನ್ಸ್" ಅನ್ನುತ್ತಿದ್ದಳು. ನಿಮ್ಮ ಹಿಂದಿನ ಆಯುಕ್ತರು ಅರ್ಧ ಕಿಲೋದವರು. ನೀವು ಬಂದ ಮೇಲೆ ಬೀನ್ಸ್ ಮುಗಿದು ಬಟಾಣಿಗೆ ಇಳಿಯಬೇಕಾಯಿತು. ಆ ಕಂಬಿಗಾಗಿ ಹನ್ನೊಂದು ಸಲ ಅಮ್ಮ ಬಂದಳು. ಹನ್ನೊಂದು ಸಲವೂ 'ಪರಿಶೀಲನೆಯಲ್ಲಿದೆ'. ಮೆಟ್ಟಿಲನ್ನು ಪರಿಶೀಲಿಸಲು ಐದು ವರ್ಷ ಬೇಕೆ? ಅರವತ್ತನಾಲ್ಕೇ ಮೆಟ್ಟಿಲು. ತಿಂಗಳಿಗೆ ಒಂದರಂತೆ ಇಳಿದಿದ್ದರೂ ಈ ಹೊತ್ತಿಗೆ ಬುಡ ಮುಟ್ಟುವ ಸಮಯ ಬಂದಿರುತ್ತಿತ್ತು.

ಅಮ್ಮ ಆ ಮೆಟ್ಟಿಲಿನಿಂದ ಬಿದ್ದು ಸಾಯಲಿಲ್ಲ. ಹಾಗಾಗಿದ್ದರೆ ಈ ಪತ್ರ ಬರೆಯುವುದು ಸುಲಭವಿತ್ತು, ನಿಮಗೂ ಒಂದು ದಿನದ ಮಟ್ಟಿಗೆ ನಾಚಿಕೆಯಾಗುತ್ತಿತ್ತು. ಅವಳು ಹೋದದ್ದು ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದು, ಐವತ್ತೊಂದನೇ ವಯಸ್ಸಿಗೆ, ಆಸ್ಪತ್ರೆಯ ಮಂಚದ ಮೇಲೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದು ವೈದ್ಯರು ಪ್ರತಿ ಸಲ ಹೇಳುತ್ತಿದ್ದರು. ಪ್ರತಿ ಸಲ ಅವಳು ತಲೆಯಾಡಿಸುತ್ತಿದ್ದಳು. ಊಟದ ಹೊತ್ತಿಗೆ ಅವಳು ಎಲ್ಲಿರುತ್ತಿದ್ದಳು ಎಂದು ನಿಮ್ಮ ಬೆಂಚಿಗೆ ಗೊತ್ತು.

ಹಗ್ಗದ ಮೇಲೆ ಇನ್ನೊಂದು ಚೀಟಿ ಇದೆ. ಅದು ನಿಮ್ಮ ಮೂವತ್ತೇಳರಲ್ಲಿ ಇಲ್ಲ. ಒಂಬತ್ತು ವರ್ಷದವಳಿದ್ದಾಗ ನಾನೇ ಬರೆದು ಸಿಕ್ಕಿಸಿದ್ದು: 'ಅಮ್ಮ ಊಟಕ್ಕೆ ಮನೆಯಲ್ಲಿ ಇರುವುದಿಲ್ಲ.' ಅಮ್ಮ ಅದನ್ನು ಓದಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, ತಾರೀಕು ಹಾಕಿಲ್ಲವೆಂದು ಪೆನ್ನು ಕೊಟ್ಟು ತಾರೀಕು ಬರೆಸಿದಳು. "ನಿನ್ನದೂ ದೂರೇ. ಸರದಿಯಲ್ಲಿ ಇರಲಿ" ಅಂದಳು. ಹದಿನಾಲ್ಕನೇ ವಯಸ್ಸಿನಲ್ಲಿ ನಾನು ಅದರ ಕೆಳಗೆ 'ಮೊದಲನೇ ಜ್ಞಾಪನ' ಎಂದು ಇನ್ನೊಂದು ಸಿಕ್ಕಿಸಿದೆ. ಅದನ್ನು ಓದಿ ಅವಳು ನಗಲಿಲ್ಲ. ಇಳಿಸಲೂ ಇಲ್ಲ. ಇಳಿಸುವ ಹಕ್ಕು ಅವಳಿಗಿರಲಿಲ್ಲ, ಆ ನಿಯಮವನ್ನು ಮಗಳ ವಿಷಯದಲ್ಲೂ ಮುರಿಯಲಿಲ್ಲ. ಬಿಸಿಲಿಗೆ ಶಾಯಿ ಮಾಸಿದಾಗಲೆಲ್ಲ ಅಕ್ಷರದ ಮೇಲೆ ಅಕ್ಷರ ತಿದ್ದಿ ಮತ್ತೆ ಸಿಕ್ಕಿಸುತ್ತಿದ್ದಳಂತೆ. ಇದನ್ನು ಅಪ್ಪ ನನಗೆ ಹೇಳಿದ್ದು ಅಮ್ಮ ಹೋದ ಮೇಲೆ.

ಆ ಚೀಟಿಯಲ್ಲಿ ಆರೋಪಿ ಅಮ್ಮ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ನಿಮ್ಮ ಕಾರಿಡಾರಿನ ಬೆಂಚಿನ ಮೇಲೆ ಒಂದು ಮಧ್ಯಾಹ್ನ ಕೂತು ಬಂದ ಮೇಲೆ ನನ್ನ ದೂರಿನ ವಿಳಾಸ ಬದಲಾಗಿದೆ. ನನ್ನ ತಟ್ಟೆಯ ಪಕ್ಕದಲ್ಲಿ ಕೂರಬೇಕಾಗಿದ್ದ ಹೊತ್ತನ್ನು ಅವಳು ವಾರ್ಡಿಗೆ ಕೊಟ್ಟಳು, ವಾರ್ಡು ಅದನ್ನು ನಿಮ್ಮ ಕೈಗೆ ಕೊಟ್ಟಿತು, ನೀವು ಅದನ್ನು ಏನು ಮಾಡಿದಿರಿ?

ಏನು ಮಾಡಿದಿರಿ ಎಂದು ಕಳೆದ ಸೋಮವಾರ ನನಗೆ ಗೊತ್ತಾಯಿತು. ನಿಮ್ಮ ಕಚೇರಿಯ ಆಹ್ವಾನ ಪತ್ರಿಕೆ ಅಚ್ಚಿಗೆ ಬಂದದ್ದು ನಮ್ಮ ಮುದ್ರಣಾಲಯಕ್ಕೆ. ಐನೂರು ಪ್ರತಿ. ಮಡಿಸಿದವಳು ನಾನು. 'ಜನಸೇವೆಯೇ ಉಸಿರಾಗಿದ್ದ ಮಾತೃಹೃದಯದ ಸದಸ್ಯೆಯ ಸ್ಮರಣಾರ್ಥ ಶಿಲಾಫಲಕದ ಅನಾವರಣ. ಸ್ಥಳ: ಮೆಟ್ಟಿಲು ದಾರಿಯ ತಲೆಭಾಗ.' ಅಧ್ಯಕ್ಷತೆ ನಿಮ್ಮದು. ಸ್ಥಳದಾನಿಗಳೆಂದು ವಠಾರದ ಮಾಲೀಕರ ಹೆಸರು, ದಪ್ಪ ಅಕ್ಷರದಲ್ಲಿ. ಕಂಬಿಗೆ ಗೋಡೆ ಕೊಡದವರು ಕಲ್ಲಿಗೆ ನೆಲ ಕೊಟ್ಟಿದ್ದಾರೆ. ಕೊಡಬಹುದು, ಅಮ್ಮ ಇನ್ನು ಏನನ್ನೂ ಕೇಳುವ ಹಾಗಿಲ್ಲ. ಮಾತೃಹೃದಯ ಎಂಬ ಪದವನ್ನು ನಾನು ಐನೂರು ಸಲ ಮಡಿಸಿದೆ. ಬದುಕಿದ್ದಾಗ ನಿಮ್ಮ ಕಚೇರಿಯಲ್ಲಿ ಅವಳನ್ನು ಕರೆಯುತ್ತಿದ್ದದ್ದು 'ಬೀನ್ಸ್ ಮೆಂಬರ್' ಎಂದು. ಆ ಹೆಸರೇ ಅವಳಿಗೆ ಇಷ್ಟವಿತ್ತು.

ಕೆಲಸ ಬಿಟ್ಟ ಮೇಲೆ ಹೋಗಿ ನೋಡಿದೆ. ಕಲ್ಲು ನಿಲ್ಲಿಸಿ ಆಗಿದೆ, ಬಟ್ಟೆ ಮುಚ್ಚಿದ್ದಾರೆ. ಅದರ ಸುತ್ತ, ನಾಲ್ಕೂ ಕಡೆ, ಸೊಂಟದೆತ್ತರದ ಸ್ಟೀಲ್ ಕಂಬಿ. ಹೊಳೆಯುವಂಥದ್ದು, ಗಟ್ಟಿಯಾದದ್ದು, ಕೈ ಹಿಡಿಯಲು ಹೇಳಿ ಮಾಡಿಸಿದ ಹಾಗಿದೆ. ಅಲ್ಲಿದ್ದ ವೆಲ್ಡಿಂಗ್ ಕೆಲಸದವರನ್ನು "ಇದು ಯಾಕಣ್ಣ?" ಎಂದು ಕೇಳಿದೆ. "ಕಲ್ಲಿಗೆ ಯಾರಾದ್ರೂ ತಾಗಿ ಏನಾದ್ರೂ ಆದ್ರೆ ಅಂತ" ಅಂದರು. ಅವರ ಹಿಂದೆಯೇ ಅರವತ್ತನಾಲ್ಕು ಮೆಟ್ಟಿಲು ಬರಿಗೈಯಲ್ಲಿ ಕೆಳಗೆ ಇಳಿದಿದ್ದವು. ಹೇಳಿ ಆಯುಕ್ತರೇ, ಇವೆರಡರಲ್ಲಿ ಬೀಳುವುದು ಯಾವುದು? ಕಲ್ಲೋ, ಮನುಷ್ಯರೋ? ಐದು ವರ್ಷ ಸಿಗದ ಕಂಬಿ ಐದು ದಿನದಲ್ಲಿ ಎಲ್ಲಿಂದ ಬಂತು? ಅದಕ್ಕೆ ಪರಿಶೀಲನೆ ಬೇಡವಾಯಿತೆ? ಅದರ ಅರ್ಜಿದಾರರು ಯಾರು?

ಅವತ್ತೇ ಸಂಜೆ ನಾನು ಹಗ್ಗದಿಂದ ಒಂದೊಂದೇ ಚೀಟಿಯ ನಕಲು ಮಾಡಿಕೊಂಡು ಮನೆಮನೆಗೆ ಹೊರಟೆ. ಪ್ರತಿ ದೂರಿಗೂ ಹೊಸ ಅರ್ಜಿ, ಈ ಸಲ ಅರ್ಜಿದಾರರ ಜಾಗ ಖಾಲಿ. ಮೊದಲು ಹೋದದ್ದು ಇಸ್ತ್ರಿ ಅಕ್ಕನ ಮನೆಗೆ. ಅವರು ಕಾದ ಪೆಟ್ಟಿಗೆಯನ್ನು ಒತ್ತಟ್ಟಿಗಿಟ್ಟು ಅರ್ಜಿಯನ್ನು ಎರಡು ಸಲ ಓದಿದರು.

"ನಿಮ್ಮಮ್ಮ ನನ್ನ ಹೆಸರನ್ನ ಬಚ್ಚಿಟ್ಟಿದ್ರು ಕಣೇ. ಇನ್ನು ಯಾರ ಹಿಂದೆ ನಿಂತ್ಕೊಳ್ಳಲಿ?"

"ಬೇಡ ಅನ್ಸಿದ್ರೆ ಬೇಡ ಅಕ್ಕ. ನಾನು ಬಲವಂತ ಮಾಡಲ್ಲ." ಗುಲಾಬಿ ಕಾಗದದಲ್ಲಿ ಓದಿದ್ದೆಲ್ಲ ಆ ಕೋಣೆಯ ಬಾಗಿಲಲ್ಲಿ ನನಗೆ ಮರೆತುಹೋಗಿತ್ತು. ಮೂಲೆಯಲ್ಲಿ ಎರಡು ಮಕ್ಕಳು ಪಾಠ ಬರೆಯುತ್ತಿದ್ದವು.

ಅವರು ಬಹಳ ಹೊತ್ತು ಮಕ್ಕಳನ್ನೇ ನೋಡಿದರು. "ದೊಡ್ಡವಳು ಮುಂದಿನ ವರ್ಷದಿಂದ ಮೇಲಿನ ಶಾಲೆಗೆ ಹೋಗ್ಬೇಕು. ಅದೇ ಮೆಟ್ಟಿಲು. ತಾ ಇಲ್ಲಿ ಪೆನ್ನು. ಎಡಗೈ ಸಹಿ ನಡಿಯತ್ತಾ?"

"ನಿಮ್ಮ ಹಳೇ ಕಾಗದಗಳಲ್ಲಿರೋ ಸಹಿಗೆ ಹೊಂದಲ್ಲ ಅಂತ ವಾಪಸ್ ಕಳಿಸಬಹುದು."

"ಕಳಿಸ್ಲಿ. ಬಲಗೈಗೆ ಏನಾಯ್ತು ಅಂತ ಅಲ್ಲೇ ಬಂದು ಹೇಳ್ತೀನಿ."

ಮೂವತ್ತೇಳು ಮಂದಿಯಲ್ಲಿ ಮೂವತ್ತೊಂದು ಮಂದಿ ತಮ್ಮ ಹೆಸರು ಬರೆದು ಸಹಿ ಹಾಕಿದ್ದಾರೆ. ಇಬ್ಬರು ಓಣಿ ಬಿಟ್ಟು ಹೋಗಿದ್ದಾರೆ, ಎಲ್ಲಿಗೆ ಎಂದು ಗೊತ್ತಿಲ್ಲ. ನಾಲ್ಕು ಮಂದಿ ಹೆದರಿದರು. ಬಾಗಿಲು ಅರ್ಧ ತೆರೆದು ತಲೆಯಾಡಿಸಿ ಮುಚ್ಚಿಕೊಂಡರು. ಮೊದಲಾಗಿದ್ದರೆ ನಾನು ಅವರಿಗೆ ಭಾಷಣ ಮಾಡುತ್ತಿದ್ದೆ. ಈ ಸಲ ಆ ಆರೂ ಅರ್ಜಿಗಳಲ್ಲಿ ಅರ್ಜಿದಾರರ ಜಾಗದಲ್ಲಿ ನನ್ನ ಹೆಸರು ಬರೆದೆ. ಹೌದು, ಅಮ್ಮ ಮಾಡಿದ ತಪ್ಪನ್ನೇ, ತಪ್ಪೆಂದು ಗೊತ್ತಿದ್ದೂ ಮಾಡಿದ್ದೇನೆ. ನಿಮ್ಮ ಗಮನಕ್ಕೆ: ನನಗೆ ಇಪ್ಪತ್ತಮೂರು ವರ್ಷ. ಯಾವ ಕಾಯಿಲೆಯೂ ಇಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ. ಆ ಆರು ಕಡತ ಮುಚ್ಚಲು ನೀವು ಬಹಳ ಕಾಲ ಕಾಯಬೇಕಾಗುತ್ತದೆ.

ನಮ್ಮ ಬೇಡಿಕೆಗಳು ಇವು. ಮೂವತ್ತೇಳು ಹಿಂಬರಹಗಳನ್ನೂ ಹಿಂದಕ್ಕೆ ಪಡೆಯಿರಿ. ಮುಂದೆ ಈ ವಾರ್ಡಿನ ಯಾವ ಕಡತವನ್ನೂ ದೂರು ಕೊಟ್ಟವರ ಎದುರಿಗಲ್ಲದೆ, ಅವರ ಒಪ್ಪಿಗೆಯಿಲ್ಲದೆ ಮುಚ್ಚಬೇಡಿ. ಮೆಟ್ಟಿಲಿಗೆ ಕಂಬಿ ಹಾಕುವವರೆಗೆ ಆ ಕಲ್ಲಿನ ಬಟ್ಟೆ ತೆಗೆಯಬೇಡಿ. ಸಾಮಾನು ಸಾಲದೆ ಹೋದರೆ ಕಲ್ಲಿನ ಸುತ್ತ ಇರುವ ಕಂಬಿಯನ್ನು ಕಿತ್ತು ಕೆಳಗೆ ತನ್ನಿ, ಒಡೆದ ಇಪ್ಪತ್ತಮೂರನೇ ಮೆಟ್ಟಿಲಿನಿಂದಲೇ ಕೆಲಸ ಶುರು ಮಾಡಿ. ಕಲ್ಲಿಗೆ ಏನೂ ಆಗುವುದಿಲ್ಲ. ಒಂದು ವೇಳೆ ಏನಾದರೂ ಆದರೂ ಅಮ್ಮ ಬೇಸರಪಟ್ಟುಕೊಳ್ಳುವವಳಲ್ಲ.

ನನ್ನ ಚೀಟಿಗೆ ನಿಮ್ಮಿಂದ ಏನನ್ನೂ ಕೇಳುವುದಿಲ್ಲ. ಅದು ನಿಮ್ಮ ಕೈಯಲ್ಲಿ ಇಲ್ಲ. ಅದನ್ನು ಇಳಿಸಬೇಕಾದವಳು ನಾನು. ಇಳಿಸಿಲ್ಲ.

ಅನಾವರಣ ಭಾನುವಾರ ಹನ್ನೊಂದು ಗಂಟೆಗೆ ಎಂದು ನಾನೇ ಮಡಿಸಿದ ಪತ್ರಿಕೆಯಲ್ಲಿದೆ. ಆ ಹೊತ್ತಿಗೆ ಮೆಟ್ಟಿಲ ಮೇಲೆ ಯಾರೂ ಓಡುವುದಿಲ್ಲ, ನೋಡಲು ಚೆನ್ನಾಗಿರುತ್ತದೆ. ನೀವು ಅದಕ್ಕೆ ಮೊದಲು ಬರಬೇಕು, ಮೇಲಿನಿಂದ ಅಲ್ಲ, ಕೆಳಗಿನ ಓಣಿಯಿಂದ. ಮೂವತ್ತೇಳು ಕಡತಗಳನ್ನು ನೀವೇ ಹೊತ್ತು ತನ್ನಿ, ಎರಡೂ ಕೈ ತುಂಬಿರಲಿ. ಹೆಂಗಸರ ಜೊತೆ ಬಸ್ಸಿನ ಹೊತ್ತಿಗೆ ಅರವತ್ತನಾಲ್ಕು ಮೆಟ್ಟಿಲು ಹತ್ತಿ. ತಡವಾದರೆ ಚಿಂತೆಯಿಲ್ಲ. ನಾವು ಬೀನ್ಸ್ ತಂದಿರುತ್ತೇವೆ, ಕಾಯುವುದು ನಮಗೆ ರೂಢಿ. ಬರುವ ಗುರುವಾರ, ಬೆಳಗಿನ ಐದೂಮುಕ್ಕಾಲಿಗೆ, ಮೆಟ್ಟಿಲ ಬುಡದಲ್ಲಿ.

ಇಂತಿ,
ಆರು ಅರ್ಜಿಗಳ ಜೀವಂತ ಅರ್ಜಿದಾರಳು,
ಬೀನ್ಸ್ ಮೆಂಬರ್ ಮಗಳು